ಹಳೆಯ ತುರಿಕೆಗೆ ಚೀನೀ ಮದ್ದು: ಗೋಕುಲಂನ ಒಂದು ಚಿಕಿತ್ಸಾಲಯದ ಬಗ್ಗೆ

ಮೈಸೂರಿನ ಗೋಕುಲಂ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ, ಚೀನಾದ ಸಾಂಪ್ರದಾಯಿಕ ಪದ್ಧತಿಯಂತೆ ಸೂಜಿ ಚಿಕಿತ್ಸೆಯನ್ನೂ (ಅಕ್ಯುಪಂಕ್ಚರ್) ಗಿಡಮೂಲಿಕೆಯ ಪುಡಿಗಳನ್ನೂ ಕೊಡುವ ಚಿಕ್ಕದೊಂದು ಚಿಕಿತ್ಸಾಲಯವಿದೆ. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಎತ್ತಲಿರುವ ಆಕ್ಷೇಪ ಆ ಒಂದು ಬಾಗಿಲಿಗಷ್ಟೇ ಸೇರಿದ್ದಲ್ಲ, ಹೆಸರು ಬರೆಯದ ಪೊಟ್ಟಣವನ್ನು ರೋಗಿಯ ಕೈಗಿಡುವ ಎಲ್ಲ ಪದ್ಧತಿಯವರಿಗೂ ಅದು ಸಲ್ಲುತ್ತದೆ. ಮೊದಲೇ ಹೇಳಿಬಿಡುವುದಾದರೆ, ಅಲ್ಲಿನ ಸೂಜಿಯಿಂದ ನನಗೆ ಉಪಯೋಗವಾಗಿದೆ. ಅಲ್ಲಿನ ಪುಡಿಯನ್ನು ಮಾತ್ರ ಅವರು ಕೊಟ್ಟ ರೀತಿಯಲ್ಲಿ ನಾನು ಸೇವಿಸಲಿಲ್ಲ.

ನನ್ನ ಕಾಯಿಲೆಯ ಸ್ವರೂಪವನ್ನು ತಿಳಿಸದೆ ಈ ಮಾತು ಅರ್ಥವಾಗಲಾರದು. ಮಂಡ್ಯದ ಕಡೆ ನಾಲೆಯ ಕೆಳಗೆ ಸ್ವಲ್ಪ ಜಮೀನಿರುವ ನನಗೆ ಕಣ್ಣಿನ ರೆಪ್ಪೆ, ಕುತ್ತಿಗೆ ಮತ್ತು ಮೊಣಕೈ ಮಡಿಕೆಗಳಲ್ಲಿ ವರ್ಷಗಳಿಂದ ಇಸುಬಿದೆ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ನವೆ ತಡೆಯಲಾಗುವುದಿಲ್ಲ. ಕೆರೆದಷ್ಟೂ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ, ದಪ್ಪವಾದ ಚರ್ಮ ಇನ್ನಷ್ಟು ತುರಿಸುತ್ತದೆ. ಚರ್ಮರೋಗ ವಿಭಾಗವೊಂದರಲ್ಲಿ ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಪರೀಕ್ಷೆಯಾದಾಗ, ಇದಕ್ಕೆ ಮುಖ್ಯ ಕಾರಣ ಪಾರ್ಥೇನಿಯಂ, ಅಂದರೆ ನಮ್ಮ ಬದುಗಳಲ್ಲೂ ರಸ್ತೆಯಂಚಿನಲ್ಲೂ ಹಬ್ಬಿರುವ ಕಾಂಗ್ರೆಸ್ ಗಿಡ, ಎಂದು ತಿಳಿದುಬಂತು. ಅದರ ಒಣಗಿದ ಎಲೆ ಮತ್ತು ಹೂವಿನ ಧೂಳು ಗಾಳಿಯಲ್ಲಿ ತೇಲಿ ಬಂದು ಬಟ್ಟೆ ಮುಚ್ಚದ ಭಾಗಗಳಲ್ಲಿ ಕೂರುತ್ತದೆ. ಸ್ಟೀರಾಯ್ಡ್ ಮುಲಾಮಿನಿಂದ ಶಮನವಾಗುತ್ತಿತ್ತು, ಆದರೆ ರೆಪ್ಪೆಯಂತಹ ತೆಳು ಚರ್ಮಕ್ಕೆ ಅದನ್ನು ಬಹುಕಾಲ ಹಚ್ಚಬಾರದೆಂದು ವೈದ್ಯರೇ ಎಚ್ಚರಿಸಿದ್ದರು. ಹೀಗಾಗಿ ಬೇರೆ ದಾರಿಯನ್ನು ಹುಡುಕಬೇಕಾಯಿತು.

ಚಿಕಿತ್ಸಾಲಯದಲ್ಲಿ ಮೊದಲ ಭೇಟಿಗೆ ಅವರು ಕೊಡುವ ಸಮಯವನ್ನು ಮೆಚ್ಚಲೇಬೇಕು. ಚಿಕಿತ್ಸಕಿ ನನ್ನ ಎರಡೂ ಮಣಿಕಟ್ಟುಗಳಲ್ಲಿ ಮೂರು ಮೂರು ಬೆರಳಿಟ್ಟು ನಾಡಿ ನೋಡಿದರು, ನಾಲಿಗೆಯ ಬಣ್ಣವನ್ನೂ ಅದರ ಮೇಲಿನ ಲೇಪವನ್ನೂ ಪರೀಕ್ಷಿಸಿದರು, ನಿದ್ರೆ, ಬಾಯಾರಿಕೆ, ಮಲಬದ್ಧತೆ, ತುರಿಕೆ ಯಾವ ಹೊತ್ತಿನಲ್ಲಿ ಹೆಚ್ಚು ಎಂಬುದನ್ನೆಲ್ಲ ಬರೆದುಕೊಂಡರು. ಚೀನೀ ಪದ್ಧತಿಯಲ್ಲಿ ಇಂತಹ ತುರಿಕೆಗೆ ಗಾಳಿ, ತೇವ ಮತ್ತು ಉಷ್ಣ ಎಂಬ ಮೂರು ಕಾರಣಗಳನ್ನು ಹೇಳುತ್ತಾರೆ. ಹೊಸ ಇಸುಬು ಕೆಂಪಾಗಿ ಒಸರುವಾಗ ತೇವ ಮತ್ತು ಉಷ್ಣ ಮುಂದಾಗಿರುತ್ತವೆ, ಹಳೆಯದಾಗಿ ಒಣಗಿದಾಗ ರಕ್ತ ಬತ್ತಿ ಗಾಳಿ ಏಳುತ್ತದೆ ಎಂಬುದು ಅವರ ವಿವರಣೆ. ಇದು ನಮ್ಮ ವಾತ ಪಿತ್ತ ಕಫಗಳ ಲೆಕ್ಕವೇ ಎಂದು ಭಾವಿಸಬೇಡಿ, ಎರಡರ ಚೌಕಟ್ಟೂ ಬೇರೆ ಎಂದು ಆಕೆ ತಾವಾಗಿಯೇ ಹೇಳಿದ್ದು ನನಗೆ ಹಿಡಿಸಿತು. ಸ್ಟೀರಾಯ್ಡ್ ಮುಲಾಮನ್ನು ಹಠಾತ್ತನೆ ಬಿಡಬೇಡಿ ಎಂದೂ ಹೇಳಿದರು. ಆಧುನಿಕ ಔಷಧವನ್ನೆಲ್ಲ ಮೊದಲು ಮೋರಿಗೆ ಸುರಿಯಿರಿ ಎನ್ನುವವರೇ ಹೆಚ್ಚಾಗಿರುವಾಗ ಇದು ಸಣ್ಣ ವಿಷಯವಲ್ಲ.

ಸೂಜಿಗಳು ಕೂದಲಿನಷ್ಟು ಸಣ್ಣವು, ಮುಚ್ಚಿದ ಪೊಟ್ಟಣದಿಂದ ನನ್ನೆದುರೇ ತೆಗೆದವು, ಒಮ್ಮೆ ಬಳಸಿ ಎಸೆಯುವಂಥವು. ಮೊಣಕೈ ಮಡಿಸಿದಾಗ ಹೊರಬದಿಯಲ್ಲಿ ಗೆರೆ ಮುಗಿಯುವ ಜಾಗದಲ್ಲಿ ಒಂದು, ಮೊಣಕಾಲಿನ ಚಿಪ್ಪಿನ ಮೇಲೆ ತೊಡೆಯ ಒಳಬದಿಯಲ್ಲಿ ಇನ್ನೊಂದು, ಹೀಗೆ ಎರಡೂ ಕೈಕಾಲುಗಳಿಗೆ ಚುಚ್ಚಿ ಅರ್ಧ ಗಂಟೆಯಷ್ಟು ಮಲಗಿಸುತ್ತಾರೆ. ಈ ಬಿಂದುಗಳಿಗೆ ಚೂ ಚಿ ಮತ್ತು ಶುಯೆ ಹೈ ಎಂದು ಹೆಸರು. ಇಸುಬಿನ ರೋಗಿಗಳಲ್ಲಿ ಇವೇ ಎರಡು ಬಿಂದುಗಳನ್ನು ಬಳಸಿ ಜರ್ಮನಿಯ ಮ್ಯೂನಿಕ್‌ನ ವೈದ್ಯರು ನಡೆಸಿದ ಒಂದು ಚಿಕ್ಕ ಅಧ್ಯಯನ 2010ರಲ್ಲಿ ಪ್ರಕಟವಾಗಿದ್ದು, ಅಲರ್ಜಿಯಿಂದ ಹುಟ್ಟಿಸಿದ ತುರಿಕೆ ತಕ್ಕಮಟ್ಟಿಗೆ ತಗ್ಗಿದ್ದನ್ನು ಅದು ತೋರಿಸಿತ್ತು. ನನ್ನ ಅನುಭವವೂ ಅದಕ್ಕೆ ಹೊಂದುತ್ತದೆ. ಸೂಜಿ ಹಾಕಿಸಿಕೊಂಡ ರಾತ್ರಿಗಳಲ್ಲಿ ನವೆ ಇರುತ್ತಿತ್ತು, ಆದರೆ ಎದ್ದು ಕೂತು ಕೆರೆಯುವಷ್ಟು ಇರುತ್ತಿರಲಿಲ್ಲ. ಒಂದೆರಡು ದಿನ ಕಳೆದ ಮೇಲೆ ಹಳೆಯ ಸ್ಥಿತಿಗೇ ಮರಳುತ್ತಿತ್ತು. ಇದನ್ನು ವಾಸಿ ಎನ್ನಲಾಗದು. ಆದರೂ ಕೆರೆತಕ್ಕೆ ಬಿಡುವು ಸಿಕ್ಕಿದ್ದರಿಂದ ಮೊಣಕೈ ಮಡಿಕೆಯ ಚರ್ಮ ಮೃದುವಾಗುತ್ತ ಬಂದಿರುವುದು ಮನೆಯವರ ಕಣ್ಣಿಗೂ ಕಂಡಿದೆ.

ತೊಂದರೆ ಇರುವುದು ಪುಡಿಯಲ್ಲಿ. ಕಂದು ಬಣ್ಣದ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಎರಡು ಹೊತ್ತು ಕುಡಿಯಬೇಕೆಂದು ಹೇಳಿ ಒಂದು ವಾರದ ಪೊಟ್ಟಣಗಳನ್ನು ಕೊಟ್ಟರು. ಮೇಲೆ ನನ್ನ ಹೆಸರು ಮತ್ತು ದಿನಾಂಕದ ಹೊರತು ಏನೂ ಇರಲಿಲ್ಲ. ಒಳಗೇನಿದೆ ಎಂದು ಕೇಳಿದ್ದಕ್ಕೆ, “ಎಲ್ಲ ಗಿಡಮೂಲಿಕೆ ಸರ್, ಭಯ ಬೇಡ” ಎಂಬ ಉತ್ತರ ಬಂತು. ಒತ್ತಾಯಿಸಿದ ಮೇಲೆ, ಇದು ಷಿಯಾವ್ ಫೆಂಗ್ ಸಾನ್ ಎಂಬ ಯೋಗವನ್ನು, ಅಂದರೆ ಮದ್ದುಗಳ ನಿಗದಿತ ಮಿಶ್ರಣವನ್ನು, ಸ್ವಲ್ಪ ಬದಲಿಸಿ ಮಾಡಿದ್ದು ಎಂದರು. ಗಾಳಿಯನ್ನು ಶಮನಗೊಳಿಸಲೆಂದು ತುರಿಕೆಗೆ ಕೊಡುವ ಈ ಪ್ರಸಿದ್ಧ ಯೋಗದಲ್ಲಿ 13 ದ್ರವ್ಯಗಳಿವೆ. ಅವುಗಳಲ್ಲಿ ನಮಗೆ ಪರಿಚಿತವಾದ ಅತಿಮಧುರ, ಎಳ್ಳು ಇವೆ, ಜಿಪ್ಸಂ ಇದೆ, ಜೀರುಂಡೆ ಕಳಚಿಬಿಟ್ಟ ಪೊರೆಯೂ ಇದೆ. ಮಾಂಸಾಹಾರ ಮುಟ್ಟದ ಎಷ್ಟೋ ಮನೆಗಳಿರುವ ಈ ಊರಿನಲ್ಲಿ ಜೀರುಂಡೆಯ ಪೊರೆಯ ವಿಷಯವನ್ನು ಕೇಳಿದ ಮೇಲೆ ಹೇಳುವುದಕ್ಕಿಂತ ಕೇಳುವ ಮೊದಲೇ ಹೇಳುವುದು ಲೇಸು.

ನನ್ನನ್ನು ನಿಲ್ಲಿಸಿದ್ದು ಜೀರುಂಡೆಯಲ್ಲ. ಮೂಲ ಯೋಗದಲ್ಲಿರುವ ನಿಯು ಬಾಂಗ್ ಜಿ ಎಂದರೆ ಬರ್ಡಾಕ್ ಗಿಡದ ಬೀಜ, ತ್ಸಾಂಗ್ ಝು ಎಂದರೆ ಅಟ್ರಾಕ್ಟಿಲೋಡಿಸ್ ಗಿಡದ ಬೇರುಗಡ್ಡೆ. ಇವೆರಡೂ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದವು, ಪಾರ್ಥೇನಿಯಂ ಕೂಡ ಅದೇ ಕುಟುಂಬದ್ದು. ಪಾರ್ಥೇನಿಯಂಗೆ ಚರ್ಮ ಒಮ್ಮೆ ಸಂವೇದನಾಶೀಲವಾದರೆ ಅದೇ ಕುಟುಂಬದ ಇತರ ಗಿಡಗಳಿಗೂ ಕೆರಳುವ ಸಾಧ್ಯತೆ ಇದೆ. ಸೇವಂತಿಗೆ ಕಟ್ಟುವವರಿಗೂ ಮಾರುವವರಿಗೂ ಕೈಯಲ್ಲಿ ಇಸುಬು ಕಾಣಿಸಿಕೊಳ್ಳುವುದು ಹೊಸದೇನಲ್ಲ. ನನ್ನ ಪ್ಯಾಚ್ ಪರೀಕ್ಷೆಯ ವರದಿ ಚಿಕಿತ್ಸಕಿಯ ಮೇಜಿನ ಮೇಲೆಯೇ ಇತ್ತು. ಅಷ್ಟಾದರೂ ದೇಹ ತಂಪಾಗಲೆಂದು ಸೇವಂತಿಗೆ ಹೂವಿನ ಚಹಾ ಕುಡಿಯಲು ಆಕೆ ಸಲಹೆ ಕೊಟ್ಟರು. ನಾಲಿಗೆಯನ್ನು ಅಷ್ಟು ಶ್ರದ್ಧೆಯಿಂದ ನೋಡಿದವರು ಒಂದು ಹಾಳೆಯನ್ನು ಓದದೆ ಹೋದದ್ದು ನನಗೆ ಬೇಸರ ತರಿಸಿತು.

ಈ ಮದ್ದುಗಳಿಗೆ ಆಧಾರವೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಹತ್ತು ಮೂಲಿಕೆಗಳ ನಿಗದಿತ ಕಷಾಯವನ್ನು 40 ವಯಸ್ಕ ರೋಗಿಗಳಿಗೆ ಕೊಟ್ಟು ಲಂಡನ್ನಿನಲ್ಲಿ ನಡೆಸಿದ ಪ್ರಯೋಗವೊಂದು 1992ರಲ್ಲಿ ಪ್ರಕಟವಾಗಿ, ಪೂರ್ಣಗೊಳಿಸಿದ 31 ಜನರಲ್ಲಿ ಒಳ್ಳೆಯ ಫಲ ಕಂಡಿತ್ತು. ಅದೇ ಮಿಶ್ರಣವನ್ನು ಹಾಂಗ್‌ಕಾಂಗ್‌ನಲ್ಲಿ ಪರೀಕ್ಷಿಸಿದಾಗ, 1999ರ ವರದಿಯ ಪ್ರಕಾರ, ಔಷಧದ ಅಂಶವಿಲ್ಲದ ಹುಸಿಮದ್ದಿಗಿಂತ ಹೆಚ್ಚಿನದೇನೂ ಕಾಣಲಿಲ್ಲ. 28 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ, ವೈದ್ಯಕೀಯ ಪುರಾವೆಗಳನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಪರಿಶೀಲನೆ, ಖಚಿತ ತೀರ್ಮಾನಕ್ಕೆ ಬರುವಷ್ಟು ಗುಣಮಟ್ಟದ ಪುರಾವೆ ಇಲ್ಲವೆಂದಿತು. ಅಪಾಯದ ಕಡೆಯ ದಾಖಲೆ ಇದಕ್ಕಿಂತ ಸ್ಪಷ್ಟವಾಗಿದೆ. ಇಸುಬಿಗೆಂದು ಚೀನೀ ಮೂಲಿಕೆಯ ಚಹಾ ಕುಡಿದ ಇಬ್ಬರು ಬ್ರಿಟಿಷ್ ಮಹಿಳೆಯರ ಮೂತ್ರಪಿಂಡಗಳು ಪೂರ್ಣ ವಿಫಲವಾದ ಪ್ರಕರಣ 1999ರಲ್ಲಿ ವರದಿಯಾಯಿತು. ಕಾರಣ ಅರಿಸ್ಟೊಲೋಕಿಕ್ ಆಮ್ಲ. ಮು ತೊಂಗ್ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಒಂದು ಬಳ್ಳಿಯಲ್ಲಿ ಈ ಆಮ್ಲವಿದ್ದು, ಆ ಬಳ್ಳಿಯನ್ನು ಚೀನಾ ಸರ್ಕಾರವೇ 2003ರಲ್ಲಿ ನಿಷೇಧಿಸಿತು. ಮೇಲೆ ಹೇಳಿದ 13 ದ್ರವ್ಯಗಳಲ್ಲಿ ಮು ತೊಂಗ್ ಕೂಡ ಒಂದಾದ್ದರಿಂದ ಈ ಬಗ್ಗೆ ನೇರವಾಗಿ ಕೇಳಿದೆ. ತಾವು ಅದನ್ನು ಬಳಸುವುದೇ ಇಲ್ಲವೆಂದು ಆಕೆ ತಡವರಿಸದೆ ಹೇಳಿದರು.

ಬಿಳಿ ಮುಲಾಮಿನ ಡಬ್ಬಿಯೊಂದನ್ನೂ ಕೊಳ್ಳಲು ಹೇಳಿದ್ದರು. ಅದರ ಮೇಲೂ ಲೇಬಲ್ ಇರಲಿಲ್ಲ, ನಾನು ಕೊಳ್ಳಲಿಲ್ಲ. ಲಂಡನ್ನಿನಲ್ಲಿ ರೋಗಿಗಳಿಗೆ ಕೊಟ್ಟಿದ್ದ 11 ಚೀನೀ ಮೂಲಿಕೆ ಮುಲಾಮುಗಳನ್ನು ಪರೀಕ್ಷಿಸಿದಾಗ ಎಂಟರಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತ್ತು. ಇಲ್ಲಿಯದೂ ಹಾಗೆಯೇ ಇದೆ ಎಂದು ನಾನು ಹೇಳುತ್ತಿಲ್ಲ. ಸ್ಟೀರಾಯ್ಡ್‌ನಿಂದ ದೂರ ಸರಿಯಲು ಹೋದವನು ಹೆಸರಿಲ್ಲದ ಡಬ್ಬಿಯಿಂದ ಏನನ್ನು ಹಚ್ಚಿಕೊಳ್ಳುತ್ತಾನೆಂಬುದು ಅವನಿಗೆ ಗೊತ್ತಿರಬೇಕು, ಅಷ್ಟೇ.

ಮೊದಲ ಸಮಾಲೋಚನೆಗೆ 800, ಸೂಜಿಗೆ ಪ್ರತಿ ಸಲ 500, ಒಂದು ವಾರದ ಪುಡಿಗೆ 1,400 ರೂಪಾಯಿ ಆಗುತ್ತದೆ. ರಸೀತಿಯಲ್ಲಿ ಪುಡಿಗೆ ‘ಔಷಧ’ ಎಂಬ ಒಂದೇ ಪದವಿರುತ್ತದೆ. ಅಕ್ಯುಪಂಕ್ಚರನ್ನು ಚಿಕಿತ್ಸಾ ವಿಧಾನವೆಂದು ಕೇಂದ್ರ ಸರ್ಕಾರ 2003ರಲ್ಲೇ ಒಪ್ಪಿದೆ, ಆದರೆ ಚೀನೀ ಮೂಲಿಕೆ ವೈದ್ಯ ಆಯುಷ್ ಪದ್ಧತಿಗಳ ಪಟ್ಟಿಯಲ್ಲಿಲ್ಲ. ಆಯುರ್ವೇದದ ತಯಾರಿಕೆಗಳ ಲೇಬಲ್ಲಿನಲ್ಲಿ ಘಟಕಗಳ ಹೆಸರಿರಬೇಕೆಂಬ ನಿಯಮವಿರುವಾಗ, ದೂರದ ನಾಡಿನಿಂದ ಬಂದ ಪುಡಿಗೆ ಅದಕ್ಕಿಂತ ಕಡಿಮೆ ಹೊಣೆಗಾರಿಕೆ ಸಾಕು ಎನ್ನುವುದು ಹೇಗೆ? ಜಾಗ ಶುಚಿಯಾಗಿದೆ, ಕರೆ ಮಾಡಿ ಹೋದರೆ ಕಾಯಿಸುವುದಿಲ್ಲ. ಮಂಡ್ಯದಿಂದ ಬರುವವರಿಗೆ ಬೆಳಗಿನ ಹೊತ್ತು ಅನುಕೂಲ.

ಕೊಟ್ಟ ಪೊಟ್ಟಣಗಳನ್ನು ನಾನು ಹಿಂದಿರುಗಿಸಿ, ಪ್ರತಿ ದ್ರವ್ಯದ ಸಸ್ಯಶಾಸ್ತ್ರೀಯ ಹೆಸರನ್ನು ಬರೆದುಕೊಟ್ಟರೆ ಮಾತ್ರ ಸೇವಿಸುವೆನೆಂದು ತಿಳಿಸಿದೆ. ಸ್ವಲ್ಪ ಮುಖ ಗಂಟಿಕ್ಕಿದರೂ ಚಿಕಿತ್ಸಕಿ ಪಟ್ಟಿ ಬರೆದುಕೊಟ್ಟರು. ಆ ಪಟ್ಟಿಯನ್ನು ಚರ್ಮರೋಗ ವೈದ್ಯರಿಗೆ ತೋರಿಸಿದಾಗ ಅವರು ಬರ್ಡಾಕ್ ಮತ್ತು ಅಟ್ರಾಕ್ಟಿಲೋಡಿಸ್‌ಗಳನ್ನು ಹೊಡೆದುಹಾಕಿ, ಅತಿಮಧುರ ಇರುವುದರಿಂದ ರಕ್ತದೊತ್ತಡದ ಮೇಲೆ ಕಣ್ಣಿಡಲು ಹೇಳಿ, ಮೊದಲು ಯಕೃತ್ತು ಹಾಗೂ ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿ ಎಂದರು. ಆ ಎರಡನ್ನು ಬಿಟ್ಟು ಹೊಸದಾಗಿ ಪುಡಿ ಮಾಡಿಕೊಡಲು ಚಿಕಿತ್ಸಾಲಯ ಒಪ್ಪಿದೆ. ಪರೀಕ್ಷೆಯ ವರದಿ ಕೈಸೇರುವವರೆಗೆ ಸೂಜಿಯನ್ನಷ್ಟೇ ಮುಂದುವರಿಸುತ್ತಿದ್ದೇನೆ. ಬದುವಿನ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಿಸುವ ಕೆಲಸಕ್ಕೆ ಆಳುಗಳನ್ನು ಗೊತ್ತುಮಾಡಿದ್ದೇನೆ, ಅವರಿಗೆ ತುಂಬುತೋಳಿನ ಅಂಗಿ ಮತ್ತು ಕೈಗವಸನ್ನೂ ಕೊಡಿಸಿದ್ದೇನೆ.