ಲಾಗರ್, ಲಕ್ಸ್ ಮೀಟರ್, ನೀಲಿ ಉಣ್ಣೆ ಕಾರ್ಡ್: ನಮ್ಮ ಜಮಖಾನಕ್ಕೆ ಆಗಿಬಂದದ್ದು

ಹಳೇ ಬಟ್ಟೆಯ ಮೇಲೆ ಬೀಳುವ ಬೆಳಕನ್ನು ಅಳೆಯಲು ಯಾವುದು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೆಳಕಿಗೆ ಮಾಸುವ ನೀಲಿ ಉಣ್ಣೆಯ ಕಾರ್ಡಿಗೆ. ಒಂಬತ್ತು ಸಾವಿರ ಕೊಟ್ಟು ತಂದ ಡೇಟಾ ಲಾಗರ್ (ಬೆಳಕನ್ನು ಆಗಾಗ ತಾನೇ ಅಳೆದು ನೆನಪಿಟ್ಟುಕೊಳ್ಳುವ ಯಂತ್ರ) ಈಗ ಡ್ರಾಯರಿನಲ್ಲಿ ಮಲಗಿದೆ.

ಧಾರವಾಡದಲ್ಲಿ ನಮ್ಮದು ಎರಡು ಕೋಣೆಯ ಪುಟ್ಟ ಮ್ಯೂಸಿಯಂ. ನವಲಗುಂದದ ಹಳೇ ಜಮಖಾನ, ಕಸೂತಿ ಹಾಕಿದ ಇಳಕಲ್ ಸೀರೆ, ಇವೇ ನಮ್ಮ ಆಸ್ತಿ. ಬಟ್ಟೆಗೆ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೇಡ ಅನ್ನುತ್ತಾರೆ (ಲಕ್ಸ್ ಅಂದರೆ ಬೆಳಕಿನ ಪ್ರಖರತೆಯ ಅಳತೆ). ಆದರೆ ಬಣ್ಣ ಮಾಸುವುದು ಒಟ್ಟು ಎಷ್ಟು ಬೆಳಕು ಬಿತ್ತು ಅನ್ನುವುದರ ಮೇಲೆ. 50 ಲಕ್ಸ್‌ನಲ್ಲಿ ಹತ್ತು ಗಂಟೆ ಇಟ್ಟರೂ ಒಂದೇ, 500ರಲ್ಲಿ ಒಂದು ಗಂಟೆ ಇಟ್ಟರೂ ಒಂದೇ.

ಲಕ್ಸ್ ಅಳೆಯುವ ಫೋನಿನ ಆ್ಯಪ್? ನನ್ನ ಫೋನ್ 40 ಅಂದರೆ ಮಗಳ ಫೋನ್ 95 ಅಂದಿತು. ಅಲ್ಲಿಗೆ ಮುಗಿಯಿತು.

ಲಾಗರ್ ತಂದಿದ್ದು ಈ ಒಟ್ಟು ಲೆಕ್ಕಕ್ಕೇ. ನವೆಂಬರ್ ಕೊನೆಗೆ ಜಮಖಾನದ ಪಕ್ಕ ಇಟ್ಟೆ. ನಿಮಿಷಕ್ಕೊಂದು ಅಳತೆ ಇರಲಿ ಅಂತ ಆಸೆಪಟ್ಟೆ. ಅದರಲ್ಲಿ ಹಿಡಿಯುವುದು 16,000 ಅಳತೆ. ದಿನಕ್ಕೆ 1,440 ಅಂದರೆ ಹನ್ನೊಂದೇ ದಿನಕ್ಕೆ ಭರ್ತಿ! ಆಮೇಲೆ ಅದು ಸುಮ್ನೆ ಕೂತುಬಿಟ್ಟಿದೆ. ಹಸಿರು ದೀಪ ಮಾತ್ರ ಮಿಣುಕುತ್ತಲೇ ಇತ್ತು. ಅದನ್ನು ನೋಡಿಕೊಂಡು ನಾನೂ ಮೂರು ತಿಂಗಳು ನಿಶ್ಚಿಂತೆಯಾಗಿದ್ದೆ. ಅಂಗಡಿಯವರನ್ನು ಕೇಳಿದರೆ, "ಹದಿನೈದು ನಿಮಿಷಕ್ಕೊಮ್ಮೆ ಇಡಬೇಕಿತ್ರೀ ಅಕ್ಕಾರ" ಅಂದರು. ಹಾಗಿಟ್ಟರೆ ಐದು ತಿಂಗಳು ನಡೆಯುತ್ತದೆ, ನಿಜ. ಆದರೆ ಡೇಟಾ ಇಳಿಸಿಕೊಳ್ಳಲು ವಿಂಡೋಸ್ ಕಂಪ್ಯೂಟರೇ ಬೇಕು. ನಮ್ಮಲ್ಲಿ ಅದಿಲ್ಲ. ಪ್ರತಿ ಸಲ ಝೆರಾಕ್ಸ್ ಅಂಗಡಿಗೆ ಓಡಬೇಕು.

ಕೈಯಲ್ಲಿ ಹಿಡಿಯುವ ಲಕ್ಸ್ ಮೀಟರ್ ಸಾವಿರದ ಚಿಲ್ಲರೆಗೆ ಸಿಕ್ಕಿತು. ಯಾವಾಗ ನೋಡಿದರೂ 45. ನಾನು ನೋಡುತ್ತಿದ್ದುದು ಬೆಳಿಗ್ಗೆ ಹತ್ತಕ್ಕೆ, ಬೀಗ ತೆಗೆದ ಕೂಡಲೇ.

ಗುಟ್ಟು ಬಿಟ್ಟುಕೊಟ್ಟಿದ್ದು ಕಾರ್ಡು. ಅದರಲ್ಲಿ ಎಂಟು ನೀಲಿ ಉಣ್ಣೆ ಪಟ್ಟಿಗಳು. 1ನೆಯದು ಎಲ್ಲಕ್ಕಿಂತ ಬೇಗ ಮಾಸುತ್ತದೆ, 8ನೆಯದು ತೀರಾ ತಡವಾಗಿ. ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ಇಟ್ಟಿದ್ದೆ. 1ನೇ ಪಟ್ಟಿ ಮಾಸಿದ್ದು ಕಣ್ಣಿಗೆ ಕಾಣಬೇಕಾದರೆ ಸುಮಾರು 3 ಲಕ್ಷ ಲಕ್ಸ್-ಗಂಟೆ (ಲಕ್ಸ್ ಅನ್ನು ಗಂಟೆಯಿಂದ ಗುಣಿಸಿದ ಒಟ್ಟು ಲೆಕ್ಕ) ಬೆಳಕು ಬೀಳಬೇಕು. ಬಾಗಿಲು ತೆರೆದಿರುವ ಹೊತ್ತನ್ನಷ್ಟೇ ಎಣಿಸಿದರೆ, ನಮ್ಮ 45ರ ಲೆಕ್ಕದಲ್ಲಿ ಅದಕ್ಕೆ ಎರಡೂವರೆ ವರ್ಷಕ್ಕೂ ಜಾಸ್ತಿ ಹಿಡಿಯಬೇಕು. ಮಾರ್ಚ್ ಮಧ್ಯದಲ್ಲಿ ಹಾಳೆ ಬಿಚ್ಚಿದರೆ, ಗೆರೆ ಕೊರೆದ ಹಾಗೆ ಎರಡು ಬಣ್ಣ!

ಅವತ್ತು ಸಂಜೆ ಅಲ್ಲೇ ಕಾದು ಕೂತೆ. ಪಡುವಣ ಕಿಟಕಿಯಾಚೆ ಬೇವಿನ ಮರ ಎಲೆ ಉದುರಿಸಿ ಬೋಳಾಗಿತ್ತು. ಐದಕ್ಕೆ ಬಿಸಿಲು ನೆಟ್ಟಗೆ ಜಮಖಾನದ ಮೇಲೆ ಬಿತ್ತು, ಅರ್ಧ ಗಂಟೆ. ಮೀಟರ್ 20,000 ದಾಟಿತು. ಒಂದು ಸಂಜೆಗೆ 10,000 ಲಕ್ಸ್-ಗಂಟೆ, ತಿಂಗಳಿಗೆ 3 ಲಕ್ಷ. ಹೋದ ಬಣ್ಣ ವಾಪಸ್ ಬರುವುದಿಲ್ಲವಲ್ಲ.

ಬಿಸಿಲು ಯಾವ ಹೊತ್ತಿಗೆ ಬಿತ್ತು ಅಂತ ಕಾರ್ಡು ಹೇಳುವುದಿಲ್ಲ, ಅದಕ್ಕೆ ಮೀಟರ್ ಬೇಕೇ ಬೇಕು. ಇವೆರಡೇ ನನಗೆ ಸಾಕು. ದೊಡ್ಡ ಮ್ಯೂಸಿಯಂ, ಕಂಪ್ಯೂಟರ್ ಮುಂದೆ ಕೂರುವವರು ಇದ್ದರೆ ಲಾಗರ್ ತಗೊಳ್ಳಲಿ. ನಮ್ಮದನ್ನೇ ಅರ್ಧ ಬೆಲೆಗೆ ಕೊಡುತ್ತೇನೆ, ಕೇಬಲ್ ಸಮೇತ.