ಎಸ್‌ಪಿ ರೋಡ್‌ನಲ್ಲಿ ನಮ್ಮ ಹಳೇ ಮ್ಯಾಟ್ರಾಕ್ಸ್ ಎಡಿಟಿಂಗ್ ಸಿಸ್ಟಂ ರಿಪೇರಿ: ನನ್ನ ಅನುಭವ

ಚನ್ನರಾಯಪಟ್ಟಣದಲ್ಲಿ ನಮ್ದು ಫೋಟೋ ಸ್ಟುಡಿಯೋ, ಅಪ್ಪ ಶುರು ಮಾಡಿದ್ದು. 2003ರಲ್ಲಿ ಸಾಲ ಮಾಡಿ ಮ್ಯಾಟ್ರಾಕ್ಸ್ ಆರ್‌ಟಿ ಎಕ್ಸ್100 ಅನ್ನೋ ವಿಡಿಯೋ ಎಡಿಟಿಂಗ್ ಕಾರ್ಡ್ ಇರೋ ಪೆಂಟಿಯಂ 4 ಸಿಸ್ಟಂ ತಂದಿದ್ವಿ. ಮ್ಯಾಟ್ರಾಕ್ಸ್ ಅಂದ್ರೆ ಕೆನಡಾ ಕಂಪನಿ, ಆಗ ಮದುವೆ ವಿಡಿಯೋ ಮಾಡೋರ ಬಾಯಲ್ಲಿ ಆ ಹೆಸರು ಓಡಾಡ್ತಿತ್ತು, ಯಾಕಂದ್ರೆ ಬರೀ ಸಾಫ್ಟ್‌ವೇರ್ ನಂಬ್ಕೊಂಡ್ರೆ ಒಂದು ಡಿಸಾಲ್ವ್ (ಒಂದು ದೃಶ್ಯ ಕರಗಿ ಇನ್ನೊಂದು ಬರೋದು) ಹಾಕಿದ್ರೂ ಕಂಪ್ಯೂಟರ್ ಅದನ್ನ ರೆಂಡರ್ ಮಾಡಿ ಮುಗಿಸೋವರ್ಗೂ ಕಾಯ್ಬೇಕಿತ್ತು, ಈ ಕಾರ್ಡ್ ಇದ್ರೆ ಡಿಸಾಲ್ವ್, ಟೈಟಲ್ಲು, ಪುಟ ತಿರುಗೋ ಎಫೆಕ್ಟು ಎಲ್ಲ ಪ್ರೀಮಿಯರ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್‌ನಲ್ಲಿ ಹಾಕ್ತಿದ್ದ ಹಾಗೇ ಪಕ್ಕದ ಟಿವೀಲಿ ಓಡೋದು. ಎಂಟ್ಹತ್ತು ವರ್ಷ ನಮ್ಮ ಮನೆ ನಡೆಸಿದ ಮಷಿನ್ ಅದು. ಆಮೇಲೆ ಕವರ್ ಹಾಕಿ ಮೂಲೆಗೆ ಇಟ್ಟಿದ್ವಿ.

ಈಗ ಯಾಕೆ ಬೇಕಾಯ್ತು ಅಂದ್ರೆ, ಒಬ್ರು ಕಸ್ಟಮರ್ ಬಂದ್ರು, 2005ರ ಮದುವೆ. ಡಿವಿಡಿ ಅವರ ಹತ್ರಾನೇ ಇದೆ, ಆದ್ರೆ ಅರಿಶಿಣ ಶಾಸ್ತ್ರದ ಭಾಗಕ್ಕೆಲ್ಲ ನಾವು ಸಿನಿಮಾ ಹಾಡು ಕೂರ್ಸಿದ್ವಿ, ಆಗ ಎಲ್ರೂ ಹಾಗೇ ಕೇಳ್ತಿದ್ರು. ಅವ್ರಿಗೆ ಬೇಕಿದ್ದಿದ್ದು ಆ ಹಾಡಿನ ಕೆಳಗೆ ಮುಚ್ಚಿಹೋದ ಅವರಜ್ಜಿಯ ಸೋಬಾನೆ ಪದ. ಅದು ಒರಿಜಿನಲ್ ಮಿನಿ ಡಿವಿ ಟೇಪಲ್ಲಿ ಮಾತ್ರ ಇರೋದು, ಟೇಪು ನಮ್ಮ ಬೀರುನಲ್ಲಿ ಭದ್ರವಾಗೇ ಇತ್ತು. ಆದ್ರೆ ಅದರಿಂದ ವಿಡಿಯೋ ಇಳಿಸೋದು ಹೇಗೆ? ಕ್ಯಾಮೆರಾದಲ್ಲಿರೋದು ಫೈರ್‌ವೈರ್ ಅನ್ನೋ ಹಳೇ ಪೋರ್ಟು, ನನ್ನ ಲ್ಯಾಪ್‌ಟಾಪ್‌ನಲ್ಲಿರೋದು ಯುಎಸ್‌ಬಿ. ಆನ್‌ಲೈನ್‌ನಲ್ಲಿ ಒಂದು ಕಡೆ ಫೈರ್‌ವೈರ್ ಪಿನ್ನು ಇನ್ನೊಂದು ಕಡೆ ಯುಎಸ್‌ಬಿ ಪಿನ್ನು ಇರೋ ಕೇಬಲ್ ಸಿಗುತ್ತೆ, ದಯವಿಟ್ಟು ದುಡ್ಡು ಹಾಳು ಮಾಡ್ಕೋಬೇಡಿ, ನಾನು ಎರಡು ತರಿಸಿ ನೋಡಿದೀನಿ. ಇವೆರಡೂ ಬೇರೆ ಬೇರೆ ಭಾಷೆ ಮಾತಾಡೋ ಪೋರ್ಟುಗಳು, ಮಧ್ಯೆ ತಂತಿ ಎಳೆದ ಮಾತ್ರಕ್ಕೆ ಡಿವಿ ವಿಡಿಯೋ ಬರಲ್ಲ.

ಹಂಗಾಗಿ ಹಳೇ ಸಿಸ್ಟಂ ಹೊರಗೆ ತೆಗ್ದೆ. ಆನ್ ಮಾಡಿದ್ರೆ ಫ್ಯಾನ್ ಎರಡು ಸುತ್ತು ತಿರುಗಿ ನಿಂತುಹೋಗ್ತಿತ್ತು. ಇಲ್ಲೇ ಹತ್ತಿರದ ಒಬ್ಬ ರಿಪೇರಿಯವ್ನ ಹತ್ರ ಕೊಟ್ಟೆ, ಅವ್ನು ನಾಲ್ಕು ದಿನ ಇಟ್ಕೊಂಡು ಗುಜರಿಗೆ ಹಾಕಿ ಅಂದ. ಅಷ್ಟಕ್ಕೇ ಬಿಟ್ಟಿದ್ರೆ ಪರವಾಗಿರ್ಲಿಲ್ಲ, ಸಿಸ್ಟಂ ಹೆಂಗೋ ಒಂದ್ಸಲ ಆನ್ ಆದಾಗ ಫೈರ್‌ವೈರ್ ಕೇಬಲ್ ತಿರುಗಾ ಮುರುಗಾ ಒತ್ತಿ ಹಾಕಿದ್ದ. ಆರು ಪಿನ್ನಿನ ಪ್ಲಗ್‌ನ ಒಂದು ತುದಿ ಚೂಪಾಗಿರುತ್ತೆ, ಸರಿಯಾಗಿ ಒಂದೇ ಕಡೆಯಿಂದ ಹೋಗ್ಬೇಕು, ಆದ್ರೆ ಸಾಕೆಟ್ ಹಳೇದಾಗಿ ಸಡಿಲ ಆಗಿದ್ರೆ ಬಲವಂತವಾಗಿ ಉಲ್ಟಾನೂ ಹೋಗ್ಬಿಡುತ್ತೆ. ಆಗ ಕರೆಂಟಿನ ಪಿನ್ನು ಡೇಟಾ ಪಿನ್ನಿಗೆ ತಾಗಿ ಪೋರ್ಟ್ ಹಿಂದಿನ ಚಿಪ್ಪೇ ಸುಟ್ಟೋಗುತ್ತೆ. ನನಗೆ ಇವತ್ತಿಗೂ ಅದು ನೋವು.

ಕೊನೆಗೆ ಬೆಂಗಳೂರಲ್ಲಿ ಕಂಪ್ಯೂಟರ್ ಅಂಗಡಿಗಳಿರೋ ಎಸ್‌ಪಿ ರೋಡ್‌ಗೆ ಹೊತ್ಕೊಂಡು ಹೋದೆ. ಟೌನ್‌ಹಾಲ್ ಹತ್ರ ಇಳ್ದು ನಡ್ಕೊಂಡು ಹೋದ್ರೆ ಒಳಗಿನ ಗಲ್ಲೀಲಿ ಮೊದಲನೇ ಮಹಡೀಲಿ ಒಂದು ರಿಪೇರಿ ಅಂಗಡಿ, ಬೋರ್ಡೂ ಇಲ್ಲ ಹೆಸರೂ ಇಲ್ಲ, ಅಂಗಡಿಯವರನ್ನ ಎಲ್ರೂ ಭಾಯ್ ಅಂತಾನೇ ಕರೆಯೋದು. ನಾನು ಸಿಸ್ಟಂ ಟೇಬಲ್ ಮೇಲೆ ಇಟ್ಟು ಪವರ್ ಕೇಬಲ್ ಎತ್ಕೊಂಡೆ, ಭಾಯ್ ಕೈ ಅಡ್ಡ ಇಟ್ರು. "ಸರ್, ಆನ್ ಮಾಡ್ಬೇಡಿ. ಮೊದ್ಲು ಡಿಸ್ಕ್ ಕಾಪಿ ತೆಗ್ಯೋಣ. ಡ್ರೈವರ್ ಸಿಡಿ ಇದೆಯಾ ನಿಮ್ಮತ್ರ?" ಇರ್ಲಿಲ್ಲ. ನಮ್ಮ ವಿಂಡೋಸ್ ಎಕ್ಸ್‌ಪಿ, ಮ್ಯಾಟ್ರಾಕ್ಸ್ ಕಾರ್ಡ್ ನಡೆಸೋ ಡ್ರೈವರ್ ಸಾಫ್ಟ್‌ವೇರ್, ಪ್ರೀಮಿಯರ್ ಎಲ್ಲ ಆ ಒಂದು 80 ಜಿಬಿ ಹಳೇ ಥರದ ಐಡಿಇ ಡಿಸ್ಕಲ್ಲೇ ಇತ್ತು, ಅದು ಹೋಗಿದ್ರೆ ಕಾರ್ಡ್ ಚೆನ್ನಾಗಿದ್ದೂ ಉಪಯೋಗ ಇಲ್ಲ. ಡಿಸ್ಕ್ ಬಿಚ್ಚಿ ಬೇರೆ ಮಷಿನ್‌ಗೆ ಹಾಕಿ ಪೂರ್ತಿ ಕ್ಲೋನ್ ತಗೊಂಡ್ರು, ಆಮೇಲೇ ಸ್ಕ್ರೂಡ್ರೈವರ್ ಮುಟ್ಟಿದ್ದು. ನನಗೆ ಆವಾಗ್ಲೇ ನಂಬಿಕೆ ಬಂತು.

ಮದರ್‌ಬೋರ್ಡ್ ನೋಡಿ ಟಾರ್ಚ್ ಬಿಟ್ಟು ನನಗೂ ತೋರ್ಸಿದ್ರು. ಪ್ರೊಸೆಸರ್ ಪಕ್ಕದ, ಸಣ್ಣ ಸಿಲಿಂಡರ್ ಥರ ಇರೋ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರ್ಬೇಕು, ನಮ್ದರಲ್ಲಿ ಆರು ಪೂರಿ ಥರ ಉಬ್ಬಿದ್ವು, ಎರಡರ ನೆತ್ತಿ ಮೇಲೆ ಒಣಗಿದ ಬೆಲ್ಲದ ಪಾಕದಂಗೆ ಕಂದು ಕಲೆ. ಆ ಕಾಲದ ಬೋರ್ಡುಗಳಲ್ಲಿ ಇದು ತುಂಬಾ ಮಾಮೂಲಂತೆ, ಆಗ ಎಷ್ಟೋ ಕೆಪಾಸಿಟರ್‌ಗಳ ಒಳಗಿನ ದ್ರವಾನೇ ಕಳಪೆ ಇತ್ತು. ಆರನ್ನೂ ತೆಗೆದು 105 ಡಿಗ್ರಿ ತಡಿಯೋವು ಹಾಕಿದ್ರು, ಜೊತೆಗೆ ಹೊಸ ಎಸ್‌ಎಂಪಿಎಸ್ (ಕರೆಂಟ್ ಕೊಡೋ ಪವರ್ ಸಪ್ಲೈ), ಒಂದು ಬಟನ್ ಸೆಲ್. ಸಿಸ್ಟಂ ಬೂಟ್ ಆಗಿ ಎಕ್ಸ್‌ಪಿಯ ಆ ಹಸಿರು ಗುಡ್ಡ ಬಂದಾಗ ನನಗೆ ಮಾತೇ ಹೊರಡ್ಲಿಲ್ಲ.

ಮ್ಯಾಟ್ರಾಕ್ಸ್ ಕಾರ್ಡಿನ ಫೈರ್‌ವೈರ್ ಮಾತ್ರ ಹೋಗಿತ್ತು. ಅದನ್ನ ಸರಿ ಮಾಡ್ತೀನಿ ಅಂತ ದುಡ್ಡು ಕಿತ್ಕೋಬಹುದಿತ್ತು, ಭಾಯ್ ಹಾಗ್ಮಾಡ್ಲಿಲ್ಲ. "ಇದ್ರ ಹಿಂದೆ ಬೀಳೋದು ಬೇಡ ಸರ್, ನಿಮ್ಗೆ ಟೇಪ್ ಇಳಿದ್ರೆ ಆಯ್ತಲ್ವಾ" ಅಂತ ಮದರ್‌ಬೋರ್ಡಲ್ಲಿ ಕಾರ್ಡ್ ಕೂರ್ಸೋ ಖಾಲಿ ಪಿಸಿಐ ಸ್ಲಾಟ್‌ಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರೋ ಒಂದು ಸೆಕೆಂಡ್‌ಹ್ಯಾಂಡ್ ಫೈರ್‌ವೈರ್ ಕಾರ್ಡ್ ಹಾಕಿದ್ರು. ವಿಸಿಆರ್, ಟಿವಿ ವೈರು ಸಿಗ್ಸೋ ಮ್ಯಾಟ್ರಾಕ್ಸ್‌ನ ಹೊರಗಿನ ಡಬ್ಬ ಇನ್ನೂ ಕೆಲಸ ಮಾಡುತ್ತೆ, ವಿಸಿಆರ್‌ನಿಂದ ವಿಎಚ್‌ಎಸ್ ಕ್ಯಾಸೆಟ್ ಇಳಿಸೋಕೆ ಅದೇ ಸಾಕು.

ಕ್ಯಾಮೆರಾ ಕನೆಕ್ಟ್ ಮಾಡೋವಾಗ ಒಂದು ವಿಷಯ ಹೇಳಿಕೊಟ್ರು, ಎರಡೂ ಕಡೆ ಆಫ್ ಇದ್ದಾಗ ಕೇಬಲ್ ಹಾಕಿ ಆಮೇಲೆ ಆನ್ ಮಾಡ್ಬೇಕು. ನಾವು ಅಷ್ಟು ವರ್ಷ ಆನ್ ಇದ್ದಾಗ್ಲೇ ಎಳೆದು ಹಾಕಿ ಮಾಡ್ತಿದ್ವಿ. ನಾನು ತಗೊಂಡೋಗಿದ್ದ ಸೋನಿ ಪಿಡಿ170 ಕ್ಯಾಮೆರಾದಲ್ಲಿ ಟೇಪ್ ಹಾಕಿದ್ರೆ ಚಿತ್ರ ಪೂರ್ತಿ ಚೌಕ ಚೌಕ ಒಡೀತಿತ್ತು. ಭಾಯ್ ಟೇಪು ಹೋಯ್ತು ಅಂದ್ಕೊಂಡ್ರು, ನನಗೆ ನೆನಪಾಯ್ತು, ಅಪ್ಪ ಟೇಪ್ ಉಳಿಸೋಕೆ ಕೆಲವು ಸಲ ಎಲ್‌ಪಿ (ಲಾಂಗ್ ಪ್ಲೇ) ಮೋಡ್‌ನಲ್ಲಿ ಶೂಟ್ ಮಾಡ್ತಿದ್ರು, 60 ನಿಮಿಷದ ಟೇಪಲ್ಲಿ 90 ನಿಮಿಷ. ಎಲ್‌ಪಿ ಟೇಪು ಎಷ್ಟೋ ಸಲ ಶೂಟ್ ಮಾಡಿದ ಕ್ಯಾಮೆರಾದಲ್ಲೇ ನೆಟ್ಟಗೆ ಓಡೋದು. ಊರಿಗೆ ಬಂದು ನಮ್ಮ ಪ್ಯಾನಾಸೋನಿಕ್ ಎಂಡಿ10000 ತಗೊಂಡು ಮತ್ತೆ ಹೋದೆ. ವಿನ್‌ಡಿವಿ ಅನ್ನೋ ಪುಟ್ಟ ಪ್ರೋಗ್ರಾಂ ತೆಗೆದು ಕ್ಯಾಪ್ಚರ್ ಒತ್ತಿದ್ವಿ. ಮೊದಲು ಒಳಕಲ್ಲಿನ ಸದ್ದು, ಯಾರೋ ಹುಡುಗೀರು ನಗೋದು, ಆಮೇಲೆ ಆ ಅಜ್ಜಿ ದನಿ ಎತ್ತಿದ್ರು, ಹಿಂದಿಂದ ನಾಲ್ಕು ಜನ ಸೊಲ್ಲು ಕೊಟ್ರು. ಅಂಗಡೀಲಿದ್ದ ಹುಡುಗ ಬೆಸುಗೆ ಹಾಕೋದು ನಿಲ್ಸಿ ಕೇಳ್ದ.

ಖರ್ಚು ಒಟ್ಟು 5,200 ರೂಪಾಯಿ ಆಯ್ತು, ಮಾಡಿದ ಕೆಲಸಕ್ಕೆ ಇದು ಕಮ್ಮೀನೇ ಅಂತೀನಿ. ಬೇಜಾರಾಗಿದ್ದೂ ಇದೆ, ಹೇಳ್ಬಿಡ್ತೀನಿ. ಒಂದು ವಾರ ಅಂದಿದ್ದು 19 ದಿನ ಆಯ್ತು, ಫೋನ್ ಮಾಡಿದ್ರೆ ಎತ್ತಲ್ಲ, ನಾನು ಎರಡು ಸಲ ಬಸ್ಸಲ್ಲಿ ಬಂದು ವಾಪಸ್ ಹೋಗಿದೀನಿ. ಬಿಲ್ಲೂ ಕೊಡಲ್ಲ, ಹಾಕಿದ ಪಾರ್ಟ್ಸ್ ಹೆಸರು ನಾನೇ ಕೇಳಿ ಬರ್ಕೊಂಡೆ.

ಹೋಗೋರು ಸಿಪಿಯು ಮಾತ್ರ ಎತ್ಕೊಂಡು ಹೋಗ್ಬೇಡಿ. ಹೊರಗಿನ ಡಬ್ಬ, ಅದರ ದಪ್ಪ ಕೇಬಲ್, ಶೂಟ್ ಮಾಡಿದ್ದೇ ಕ್ಯಾಮೆರಾ, ಅದರ ಚಾರ್ಜರ್, ಇಳಿಸ್ಬೇಕಾದ ಒಂದು ಟೇಪು, ಎಲ್ಲ ತಗೊಂಡೋಗಿ ಅಲ್ಲೇ ಓಡ್ಸಿ ನೋಡ್ಕೊಂಡೇ ದುಡ್ಡು ಕೊಡಿ. ಒಂದು ಗಂಟೆ ಡಿವಿಗೆ ಸುಮಾರು 13 ಜಿಬಿ ಬೇಕು, ಒಂದು ದೊಡ್ಡ ಎಕ್ಸ್‌ಟರ್ನಲ್ ಡಿಸ್ಕ್ ಇಟ್ಕೊಂಡಿರಿ, ಅದನ್ನ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಫ್ಯಾಟ್32 ಆದ್ರೆ 4 ಜಿಬಿ ದಾಟಿದ ಫೈಲ್ ಹಿಡಿಸಲ್ಲ. ಭಾನುವಾರ ಅಂಗಡಿ ಇಲ್ಲ, ಬೆಳಿಗ್ಗೆ 11ರ ಮೇಲೆ ಹೋದ್ರೆ ಸಿಗ್ತಾರೆ.