ಮೂರು ಬ್ರಿಟಿಷ್ ಅಡ್ಡಹೆಸರುಗಳು, ಕಲಬುರಗಿಯ ಒಂದು ಕಟ್ಟಿನ ಅಂಗಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಭಾಗದಲ್ಲಿ ಫೋಟೊಗಳಿಗೆ ಕಟ್ಟು ಹಾಕಿಕೊಡುವ ಅಂಗಡಿಯೊಂದು ಈಚೆಗೆ ‘ನಿಮ್ಮ ಮನೆತನದ ಹೆಸರಿನ ಇತಿಹಾಸ’ ಎಂಬ ಸೇವೆಯನ್ನು ಆರಂಭಿಸಿದೆ. ಅಡ್ಡಹೆಸರನ್ನು ಬರೆದುಕೊಟ್ಟರೆ ಅದು ಎಲ್ಲಿಂದ ಬಂತು, ಅದರ ಅರ್ಥವೇನು ಎಂಬುದನ್ನು ಹಳೆಯ ದಸ್ತಾವೇಜಿನಂತೆ ಕಾಣುವ ಕಾಗದದ ಮೇಲೆ ಮುದ್ರಿಸಿ, ಗಾಜು ಹಾಕಿ, ಸಾಗವಾನಿ ಬಣ್ಣದ ಕಟ್ಟು ಕೂಡಿಸಿ ಕೊಡುತ್ತಾರೆ. ಒಂದಕ್ಕೆ 650 ರೂಪಾಯಿ. ಲೀಡ್ಸ್ ನಗರದಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳ ಮದುವೆಗೆ ಅವಳ ಮೂವರು ಸಹೋದ್ಯೋಗಿಗಳು ಅಲ್ಲಿಂದ ಬರುವವರಿದ್ದರು. ಶಾಲು ಹೊದಿಸಿ ಹಾರ ಹಾಕುವುದು ಹೇಗೂ ಇದ್ದೇ ಇತ್ತು. ಊರಿಗೆ ಒಯ್ದು ಗೋಡೆಗೆ ತೂಗುಹಾಕುವಂಥದ್ದು ಒಂದಿರಲಿ ಎಂದು ಟೇಲರ್, ವಾಕರ್, ಪ್ರೈಸ್ ಎಂಬ ಮೂರು ಹೆಸರುಗಳನ್ನು ಬರೆದುಕೊಟ್ಟು ಬಂದೆ.

ಕಟ್ಟಿನ ಕೆಲಸದ ಬಗ್ಗೆ ದೂರುವಂಥದ್ದೇನೂ ಇಲ್ಲ. ಮೂಲೆಗಳು ಬಿಗಿಯಾಗಿ ಕೂತಿವೆ, ಗಾಜಿನೊಳಗೆ ಧೂಳಿಲ್ಲ, ಹಿಂದಿನ ಹಲಗೆಗೆ ಟೇಪು ನೀಟಾಗಿ ಅಂಟಿಸಿದ್ದಾರೆ. ತಕರಾರು ಇರುವುದು ಒಳಗಿನ ಬರಹದಲ್ಲಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನಾದ್ದರಿಂದ ಮುದ್ರಿತ ಹಾಳೆಯನ್ನು ಓದದೆ ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ.

ಟೇಲರ್ ಹಾಳೆ ಬಹುಮಟ್ಟಿಗೆ ಸರಿಯಾಗಿದೆ. ಬಟ್ಟೆ ಕತ್ತರಿಸುವವನೆಂಬ ಅರ್ಥದ ಫ್ರೆಂಚ್ ಪದ ನಾರ್ಮನ್ನರ ಜೊತೆ ಇಂಗ್ಲೆಂಡಿಗೆ ಬಂದು ಮೊದಲು ಕಸುಬಿನ ಹೆಸರಾಯಿತು, ಆಮೇಲೆ ಮನೆತನದ ಹೆಸರಾಯಿತು. ನಮ್ಮ ಕಡೆ ಸಿಂಪಿ ಎಂಬ ಅಡ್ಡಹೆಸರು ಇರುವ ಹಾಗೆಯೇ. ಆದರೆ ಹಾಳೆಯ ಕೊನೆಯಲ್ಲಿ ‘ಈ ಪ್ರಾಚೀನ ವಂಶ’ ಎಂದು ಬರೆದಿರುವುದು ತಪ್ಪು. ಪ್ರತಿ ಪೇಟೆಯಲ್ಲೂ ಒಬ್ಬ ದರ್ಜಿ ಇದ್ದೇ ಇರುತ್ತಾನೆ; ಒಂದು ಪೇಟೆಯ ದರ್ಜಿಗೂ ಇನ್ನೊಂದರ ದರ್ಜಿಗೂ ರಕ್ತಸಂಬಂಧ ಇರಬೇಕೆಂದೇನೂ ಇಲ್ಲ. ಟೇಲರ್ ಎಂಬುದು ಬ್ರಿಟನ್ನಿನಲ್ಲಿ ಅಷ್ಟೊಂದು ಸಾಮಾನ್ಯವಾಗಿರುವುದು ಒಂದು ವಂಶ ಹಬ್ಬಿದ್ದರಿಂದಲ್ಲ, ಒಂದು ಕಸುಬು ಎಲ್ಲ ಕಡೆ ಇದ್ದುದರಿಂದ. ಮದುವೆಯ ಮರುದಿನ ಅತಿಥಿಗಳನ್ನು ಸುರಪುರಕ್ಕೆ ಕರೆದುಕೊಂಡು ಹೋದಾಗ ಈ ಮಾತು ಎದುರಿಗೇ ಬಂತು. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ನಿಜಾಮರ ಸೇನೆಗೆ ಸೇರಿ, 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ಇವತ್ತಿಗೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಅದನ್ನು ಕಂಡ ನಮ್ಮ ಟೇಲರ್ ಸಾಹೇಬರು, ಈತ ತಮ್ಮ ಹಿರಿಯನಿರಬಹುದೇ ಎಂದು ಬಹಳ ಆಸೆಯಿಂದ ಕೇಳಿದರು. ಕೈಯಲ್ಲಿದ್ದ ಕಟ್ಟಿನ ಹಾಳೆ ಹೌದೆನ್ನುವಂತಿತ್ತು; ನಾನು ಇಲ್ಲವೆನ್ನಬೇಕಾಯಿತು.

ವಾಕರ್ ಹಾಳೆಯನ್ನು ನೋಡಿ ಮಾತ್ರ ನಗು ತಡೆಯಲಾಗಲಿಲ್ಲ. ‘ದೂರದೂರ ನಡೆಯುತ್ತಿದ್ದ ಯಾತ್ರಿಕರು’ ಎಂದು ಬರೆದು, ಪಕ್ಕದಲ್ಲಿ ಊರುಗೋಲಿನ ಚಿತ್ರ ಹಾಕಿದ್ದಾರೆ. ನಡೆದದ್ದು ನಿಜ, ಆದರೆ ದಾರಿಯ ಮೇಲಲ್ಲ, ತೊಟ್ಟಿಯೊಳಗೆ. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆಯ ಜಿಡ್ಡು ಹೋಗಬೇಕು, ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ದಪ್ಪವಾಗಬೇಕು. ಅದಕ್ಕಾಗಿ ಅದನ್ನು ನೀರು, ಒಂದು ಬಗೆಯ ಜೇಡಿಮಣ್ಣು, ಹಳಸಿದ ಮೂತ್ರ ಇವುಗಳಲ್ಲಿ ನೆನೆಸಿ ತಾಸುಗಟ್ಟಲೆ ಕಾಲಿನಿಂದ ತುಳಿಯುತ್ತಿದ್ದರು. ಆ ತುಳಿಯುವವನೇ ವಾಕರ್. ಇದೇ ಕಸುಬಿನವನಿಗೆ ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ಫುಲ್ಲರ್ ಎಂದೂ ನೈಋತ್ಯದಲ್ಲಿ ಟಕ್ಕರ್ ಎಂದೂ ಉತ್ತರದಲ್ಲಿ ವಾಕರ್ ಎಂದೂ ಹೆಸರಿದ್ದುದರಿಂದ, ಅಡ್ಡಹೆಸರನ್ನು ಕೇಳಿಯೇ ಆ ಮನೆತನದ ಹಿರಿಯರು ಮೂಲತಃ ಯಾವ ಸೀಮೆಯವರಿರಬಹುದೆಂದು ಊಹಿಸಲು ಸಾಧ್ಯವಿದೆ. ಮರಗೆಲಸದವರನ್ನು ನಾವು ಬಡಿಗೇರ ಎಂದರೆ ಮೈಸೂರಿನ ಕಡೆಯವರು ಆಚಾರಿ ಎನ್ನುವುದಿಲ್ಲವೇ? ಉಣ್ಣೆಗೆ ಹೆಸರಾದ ಯಾರ್ಕ್‌ಷೈರ್ ಸೀಮೆಯಿಂದಲೇ ಬಂದ ಅತಿಥಿಗೆ ಈ ವಿವರ ಎಷ್ಟು ಹಿಡಿಸುತ್ತಿತ್ತು! ಅದನ್ನು ಬಿಟ್ಟು ಊರುಗೋಲು ಕೊಟ್ಟಿದ್ದಾರೆ.

ಪ್ರೈಸ್ ಎಂದರೆ ‘ಸರಕಿಗೆ ಬೆಲೆ ಕಟ್ಟುವ ವ್ಯಾಪಾರಿ’ ಎಂದಿತ್ತು. ಬೆಲೆಗೂ ಈ ಹೆಸರಿಗೂ ಸಂಬಂಧ ಕಲ್ಪಿಸಿದ್ದು ಡಿಕ್ಷನರಿ ನೋಡಿ ಬರೆದವರ ಕೆಲಸ. ಇದು ವೇಲ್ಸ್‌ನ ಹೆಸರು. ಅಲ್ಲಿ ‘ಆಪ್’ ಎಂದರೆ ಮಗ. ಆಪ್ ರೀಸ್, ಅಂದರೆ ರೀಸನ ಮಗ, ಎಂಬುದು ಕೂಡಿಕೊಂಡು ಪ್ರೈಸ್ ಆಯಿತು. ಆಪ್ ಹವೆಲ್ ಪೊವೆಲ್ ಆದದ್ದೂ, ಅಬ್ ಒವೆನ್ ಬೋವೆನ್ ಆದದ್ದೂ ಹೀಗೆಯೇ. ವೇಲ್ಸ್‌ನವರಲ್ಲಿ ಬಹುಕಾಲ ತಂದೆಯ ಹೆಸರೇ ಮಗನ ಎರಡನೆಯ ಹೆಸರು. ತಲೆಮಾರು ಬದಲಾದಂತೆ ಅದೂ ಬದಲಾಗುತ್ತಿತ್ತು. 16ನೇ ಶತಮಾನದಲ್ಲಿ ವೇಲ್ಸ್ ಇಂಗ್ಲೆಂಡಿನ ಕಾನೂನಿಗೆ ಒಳಪಟ್ಟ ಮೇಲೆ, ಮೊದಲು ಸಿರಿವಂತರಲ್ಲಿ, ಬಹಳ ತಡವಾಗಿ ಉಳಿದವರಲ್ಲಿ, ಒಂದೇ ಹೆಸರು ನೆಲೆ ನಿಂತಿತು.

ಮೂರೂ ಹಾಳೆಗಳಲ್ಲಿ ‘1066ರಿಂದ’ ಎಂಬ ಒಂದೇ ಸಾಲು ಇರುವುದೂ ಸರಿಯಲ್ಲ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದದ್ದು ಆ ವರ್ಷ. ವಂಶಪಾರಂಪರ್ಯದ ಹೆಸರಿನ ರೂಢಿ ಅವರ ಜಮೀನ್ದಾರರಿಂದ ಶುರುವಾದದ್ದೂ ನಿಜ. ಆದರೆ ಸಾಮಾನ್ಯ ರೈತನಿಗೆ, ಕಸುಬುದಾರನಿಗೆ ಅಡ್ಡಹೆಸರು ಅಂಟಿಕೊಳ್ಳಲು ಇನ್ನೂ ಇನ್ನೂರು ಮುನ್ನೂರು ವರ್ಷ ಬೇಕಾದವು. ಅಂಥವರ ಹೆಸರುಗಳು ಸಾಲುಸಾಲಾಗಿ ಸಿಗುವುದು 1377, 1379 ಮತ್ತು 1381ರ ತಲೆಗಂದಾಯದ ಪಟ್ಟಿಗಳಲ್ಲಿ. ಚರ್ಚುಗಳು ದೀಕ್ಷಾಸ್ನಾನ, ಮದುವೆ, ಹೂಳಿಕೆಗಳ ದಾಖಲೆ ಇಡಬೇಕೆಂಬ ಅಪ್ಪಣೆಯಾದದ್ದು 1538ರಲ್ಲಿ.

ಇನ್ನು ಹಾಳೆಯ ನೆತ್ತಿಯ ಮೇಲಿನ ಗುರಾಣಿಯ ಚಿತ್ರ. ಸಿಂಹ, ಕಿರೀಟ, ಬಂಗಾರದ ಬಣ್ಣ ಎಲ್ಲ ಇದೆ. ‘ಮನೆತನದ ಲಾಂಛನ’ ಎಂದು ಕೆಳಗೆ ಬರೆದಿದೆ. ಇಂಗ್ಲೆಂಡಿನಲ್ಲಿ ಲಾಂಛನ ಸಿಗುವುದು ವ್ಯಕ್ತಿಗೆ, ಅವನ ನೇರ ಸಂತತಿಗೆ, ಅಡ್ಡಹೆಸರಿಗೆ ಲಾಂಛನವೆಂಬುದಿಲ್ಲ. 1484ರಲ್ಲಿ ಸನ್ನದು ಪಡೆದ, ಇವತ್ತಿಗೂ ಆ ಕೆಲಸ ನಡೆಸುತ್ತಿರುವ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ಹೇಳುವುದೂ ಇದನ್ನೇ. ಟೇಲರ್ ಎಂಬ ಹೆಸರಿರುವ ಪ್ರತಿಯೊಬ್ಬನಿಗೂ ಒಂದೇ ಸಿಂಹವನ್ನು ಹಂಚುವುದು, ಪಾಟೀಲರೆಲ್ಲರಿಗೂ ಒಂದೇ ವಾಡೆಯ ಪಾಲು ಬರೆದುಕೊಟ್ಟಂತೆ.

ಇಷ್ಟನ್ನೂ ಅಂಗಡಿಗೆ ಹೋಗಿ ಹೇಳಿದೆ. ಅಲ್ಲಿಯ ಹುಡುಗ ಮುಖ ಗಂಟಿಕ್ಕಲಿಲ್ಲ, ಎದುರು ಮಾತಾಡಲಿಲ್ಲ. ನಾನು ಬರೆದುಕೊಟ್ಟ ಸಾಲುಗಳನ್ನು ಹಾಕಿ ವಾಕರ್ ಮತ್ತು ಪ್ರೈಸ್ ಹಾಳೆಗಳನ್ನು ಎರಡೇ ದಿನದಲ್ಲಿ, ಹಣ ಪಡೆಯದೆ, ಹೊಸದಾಗಿ ಮುದ್ರಿಸಿಕೊಟ್ಟ. ಇದು ಮೆಚ್ಚಬೇಕಾದ ವಿಷಯ. ಟೇಲರ್ ಹಾಳೆಯನ್ನು ನಾನೇ ಸಣ್ಣ ತಪ್ಪೆಂದು ಬಿಟ್ಟೆ. ಸುರಪುರದಲ್ಲಿ ಅದರ ಫಲ ಉಂಡೆ. ಗುರಾಣಿ ತೆಗೆಯಲು ಮಾತ್ರ ಹುಡುಗ ಒಪ್ಪಲಿಲ್ಲ. “ಅದಿಲ್ದಿದ್ರ ಗಿರಾಕಿ ಕೈಗೇ ತೊಗೊಳ್ಳಂಗಿಲ್ರೀ ಸರ್” ಎಂದ. ಬರಹವೆಲ್ಲ ಎಲ್ಲಿಂದ ಬರುತ್ತದೆ ಎಂದರೆ ಕಂಪ್ಯೂಟರಿನಲ್ಲಿ ಮೊದಲೇ ಇದೆ ಎಂಬುದಷ್ಟೇ ಉತ್ತರ.

ಮೆಚ್ಚುಗೆಯಾದದ್ದು ಕಟ್ಟಕಡೆಗೆ, ಕುತೂಹಲಕ್ಕೆಂದು ಮಾಡಿಸಿದ ನಮ್ಮದೇ ಅಡ್ಡಹೆಸರಿನ ಕಟ್ಟು. ‘ಮಾಲಿಪಾಟೀಲ ಎಂಬಲ್ಲಿ ಮಾಲಿ ಎಂದರೆ ತೋಟಗಾರನಲ್ಲ, ಮಾಲ್ ಎಂದರೆ ಕಂದಾಯ. ನಿಜಾಮರ ಕಾಲದಲ್ಲಿ ಊರಿನ ಕಂದಾಯ ನೋಡುವವನು ಮಾಲಿಪಾಟೀಲ, ಬಂದೋಬಸ್ತು ನೋಡುವವನು ಪೊಲೀಸ್ ಪಾಟೀಲ’ ಎಂದು ನಾಲ್ಕೇ ಸಾಲಿನಲ್ಲಿ ನೇರವಾಗಿ ಬರೆದಿದ್ದಾರೆ. ಸಿಂಹವಿಲ್ಲ, ಪ್ರಾಚೀನ ವಂಶವಿಲ್ಲ. ಸ್ಥಳೀಯ ಹೆಸರುಗಳನ್ನು ಹುಡುಗನ ತಂದೆ ಖುದ್ದಾಗಿ ಬರೆಯುತ್ತಾರಂತೆ. ಕಟ್ಟು ಬೇಕಾದವರು ಅವರನ್ನೇ ಕೇಳಿಕೊಂಡು ಹೋಗಬೇಕು. ಹೋಗುವಾಗ ಪಹಣಿಯ ಒಂದು ಜೆರಾಕ್ಸ್ ಇಟ್ಟುಕೊಂಡಿರಲಿ, ಅದನ್ನು ನೋಡದೆ ಅವರು ಪೆನ್ನು ಎತ್ತುವುದಿಲ್ಲ.